ಗಣಕವಿದ್ಯೆಯ ಪಾಠದಲ್ಲಿ ನೀತಿಯ ಎಡೆ: ಯಳಂದೂರು, ಕೊಳ್ಳೇಗಾಲ, ಹನೂರು ಸೀಮೆಯ ಮೂರು ಕಾವ್ಯಗಳ ನೆರವಿನಿಂದ ಒಂದು ವಿಮರ್ಶೆ

೧

ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಗಣಕವಿದ್ಯೆಯನ್ನು ಕಲಿಸತೊಡಗಿ ದಶಕಗಳೇ ಕಳೆದಿವೆ. ಆ ವಿದ್ಯೆಯೊಡನೆ ನೀತಿಯನ್ನೂ ಪೌರಧರ್ಮವನ್ನೂ ಕಲಿಸಬೇಕೆಂಬ ಮಾತು ಕೂಡ ಹೊಸದಲ್ಲ. ಕಲಿಸಬೇಕೆ, ಬೇಡವೆ ಎಂಬ ಚರ್ಚೆ ಹೆಚ್ಚುಕಡಮೆ ಮುಗಿದಂತೆಯೇ ಸರಿ. ಕಲಿಸಬೇಕೆಂದು ಎಲ್ಲರೂ ಒಪ್ಪುವರು. ಎಲ್ಲಿ ಕಲಿಸಬೇಕು, ಯಾವ ರೀತಿಯಿಂದ ಕಲಿಸಬೇಕು ಎಂಬ ವಿಷಯದಲ್ಲಿ ಮಾತ್ರ ನಮ್ಮ ಪಾಠಪಟ್ಟಿಗಳು ದಾರಿ ತಪ್ಪಿವೆಯೆಂದು ನನಗೆ ತೋರುತ್ತದೆ. ಆ ತಪ್ಪು ಯಾವುದೆಂಬುದನ್ನು ತೋರಿಸಿ, ಅದನ್ನು ತಿದ್ದಿಕೊಳ್ಳುವ ಒಂದು ಮಾರ್ಗವನ್ನು ಸೂಚಿಸುವುದು ಈ ಲೇಖನದ ಉದ್ದೇಶ. ಮಾರ್ಗವು ಸಾಹಿತ್ಯದ ಕಡೆಯಿಂದ ಬರತಕ್ಕದ್ದಾದುದರಿಂದ ಇದನ್ನು ಸಾಹಿತ್ಯದ ಅಧ್ಯಾಪಕರ ಮುಂದೆ ಇಡುತ್ತಿದ್ದೇನೆ.

ದೃಷ್ಟಾಂತಕ್ಕಾಗಿ ಚಾಮರಾಜನಗರ ಜಿಲ್ಲೆಯ ಯಳಂದೂರು, ಕೊಳ್ಳೇಗಾಲ, ಹನೂರು ಎಂಬ ಮೂರು ತಾಲ್ಲೂಕುಗಳನ್ನು ಆರಿಸಿಕೊಂಡಿದ್ದೇನೆ. ಇದಕ್ಕೆ ಕಾರಣಗಳು ಎರಡು. ಒಂದು ದಿನದ ಪ್ರಯಾಣದಲ್ಲಿ ಸುತ್ತಿಬರಬಹುದಾದ ಈ ನೆಲಕ್ಕೆ ಮನುಷ್ಯನ ನಡತೆಯನ್ನು ಕುರಿತು ಮೂರು ಬೇರೆ ಬೇರೆ ಬಗೆಗಳಿಂದ ಯೋಚಿಸಿದ ಮೂರು ಕಾವ್ಯಗಳು ಸೇರಿವೆ. ಯಳಂದೂರಿನವಳೆಂದು ಪ್ರಸಿದ್ಧಳಾದ ಸಂಚಿಯ ಹೊನ್ನಮ್ಮನ ‘ಹದಿಬದೆಯ ಧರ್ಮ’ ಒಂದು. ಚಿಕ್ಕಲ್ಲೂರಿನ ಜಾತ್ರೆಯಲ್ಲಿ ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿಯ ಕಾವ್ಯ ಇನ್ನೊಂದು. ಮಲೆ ಮಹದೇಶ್ವರ ಬೆಟ್ಟದ ದೇವರಗುಡ್ಡರು ಕಂಸಾಳೆಯ ತಾಳಕ್ಕೆ ಹಾಡುವ ಮಾದೇಶ್ವರನ ಕಾವ್ಯ ಮತ್ತೊಂದು. ಎರಡನೆಯ ಕಾರಣವು ಈ ಸೀಮೆಯ ಆಡಳಿತದ ಚರಿತ್ರೆ. ಕೊಳ್ಳೇಗಾಲವು ೧೯೫೬ರವರೆಗೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಹನೂರು ಆಗ ಅದರ ಒಂದು ಭಾಗವಾಗಿದ್ದು, ತೀರ ಈಚೆಗೆ ಪ್ರತ್ಯೇಕ ತಾಲ್ಲೂಕಾಯಿತು. ಯಳಂದೂರು ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಿಯಾಗಿ ದೊರೆತುದು. ಹೀಗೆ ಬೇರೆ ಬೇರೆ ಕಚೇರಿಗಳ ಬೇರೆ ಬೇರೆ ಲೆಕ್ಕದ ಪದ್ಧತಿಗಳಲ್ಲಿ ಬಾಳಿದ ಜನರ ಹೆಸರು, ಹೊಲ, ಪಡಿತರ, ಪಿಂಚಣಿಗಳೆಲ್ಲ ಈಗ ಒಂದೇ ಗಣಕದ ಒಂದೇ ನಮೂನೆಯೊಳಕ್ಕೆ ಬಂದಿವೆ. ಈ ತಾಲ್ಲೂಕುಗಳಿಂದ ಬಿ.ಸಿ.ಎ. ಮೊದಲಾದ ತರಗತಿಗಳಿಗೆ ಸೇರುವ ಹುಡುಗನು ನಾಳೆ ಅಂಥ ಒಂದು ನಮೂನೆಯನ್ನು ರಚಿಸುವ ಕೆಲಸಕ್ಕೆ ಹೋಗಬಹುದು. ಅವನು ಬಿಟ್ಟ ಒಂದು ಕಾಲಮಿನಿಂದ ಅವನ ತಾಯಿಯ ಅಕ್ಕಿಯೇ ನಿಂತುಹೋಗಬಹುದು. ಆದಕಾರಣ ಈ ವಿಚಾರವು ಬರಿಯ ಪಾಠಪಟ್ಟಿಯ ವಿಚಾರವಲ್ಲವೆಂದು ಮೊದಲೇ ಅರಿಕೆ ಮಾಡುತ್ತೇನೆ.

೨

ವಿದ್ಯಾಲಯಗಳಲ್ಲಿ ನೀತಿಬೋಧೆಯ ಪ್ರಶ್ನೆಯನ್ನು ವಿಚಾರಿಸಲು ಭಾರತ ಸರ್ಕಾರವು ೧೯೫೯ರಲ್ಲಿ ಶ್ರೀಪ್ರಕಾಶರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಅನಂತರ ೧೯೬೪–೬೬ರ ಕೊಠಾರಿ ಆಯೋಗವೂ ಮೌಲ್ಯಗಳ ಶಿಕ್ಷಣವನ್ನು ಕುರಿತು ಹೇಳಿತು. ಗಣಕವಿದ್ಯೆ ಬಂದ ಮೇಲೆ ಇದೇ ಮಾತು ಹೊಸ ಹೆಸರುಗಳಿಂದ ಮರಳಿ ಬಂದಿದೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ೨೦೧೮ರ ತನ್ನ ಮಾದರಿ ಪಾಠಪಟ್ಟಿಯಲ್ಲಿ ‘ಸಾರ್ವತ್ರಿಕ ಮಾನವ ಮೌಲ್ಯಗಳು’ ಎಂಬ ವಿಷಯಕ್ಕೆ ಎಡೆಗೊಟ್ಟಿತು. ಅದೇ ವರ್ಷದ ಯೋಜನೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವು ಸಂವಿಧಾನ, ವೃತ್ತಿನೀತಿ, ಸೈಬರ್ ಕಾನೂನು ಎಂಬ ಮೂರನ್ನೂ ಸೇರಿಸಿ ಒಂದು ಕ್ರೆಡಿಟ್ಟಿನ ಒಂದೇ ಪತ್ರಿಕೆಯನ್ನು ಮಾಡಿತು. ಪದವಿ ಕಾಲೇಜುಗಳಲ್ಲಿ ೨೦೨೧–೨೨ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಮೇರೆಗೆ ಸಂವಿಧಾನದ ಪಾಠವೂ ‘ಡಿಜಿಟಲ್ ಫ್ಲುಯೆನ್ಸಿ’ ಎಂಬ ಪಾಠವೂ ಅಕ್ಕಪಕ್ಕದಲ್ಲಿ ಬಂದುವು. ೨೦೨೪–೨೫ರಲ್ಲಿ ಕರ್ನಾಟಕವು ಮೂರು ವರ್ಷದ ಪದವಿಗೆ ಹಿಂತಿರುಗಿದಾಗ ಪಟ್ಟಿಗಳು ಮತ್ತೆ ಬದಲಾದುವು.

ಇಷ್ಟೆಲ್ಲ ಬದಲಾವಣೆಗಳ ನಡುವೆ ಬದಲಾಗದೆ ಉಳಿದುದು ಒಂದೇ: ನೀತಿಯು ಎಂದಿಗೂ ಬೇರೆ ಪತ್ರಿಕೆ, ಬೇರೆ ಗಂಟೆ. ಸೋಮವಾರ ಹತ್ತು ಗಂಟೆಗೆ ದತ್ತಾಂಶದ ಕೋಷ್ಟಕವನ್ನು ಕಟ್ಟುವುದು ಹೇಗೆಂದು ಕಲಿಯುವ ವಿದ್ಯಾರ್ಥಿಯು ಗುರುವಾರ ಮೂರು ಗಂಟೆಗೆ ಪ್ರಾಮಾಣಿಕತೆಯ ಲಕ್ಷಣವೇನೆಂದು ಬರೆದುಕೊಳ್ಳುತ್ತಾನೆ. ಈ ಎರಡು ಗಂಟೆಗಳು ಒಂದನ್ನೊಂದು ಸಂಧಿಸುವುದೇ ಇಲ್ಲ. ಇದರಿಂದ ನಷ್ಟವಾಗುವುದು ನೀತಿಯ ಪಾಠ ಮಾತ್ರವೆಂದು ಭಾವಿಸಬಾರದು. ಗಣಕದ ಪಾಠವೂ ಒಂದು ಸುಳ್ಳನ್ನು ಕಲಿಸಿದಂತಾಗುತ್ತದೆ. ಕೋಷ್ಟಕಕ್ಕೂ ನೀತಿಗೂ ಸಂಬಂಧವಿಲ್ಲ, ಅದು ಬೇರೆ ಇಲಾಖೆಯ ಕೆಲಸ ಎಂಬುದೇ ಆ ಸುಳ್ಳು.

ಹೊರನಾಡುಗಳಲ್ಲಿಯೂ ಈ ಕೊರತೆಯನ್ನು ಕಂಡವರಿದ್ದಾರೆ. ಯಂತ್ರಕ್ಕೆ ವಹಿಸಬಹುದಾದ ಲೆಕ್ಕಕ್ಕೂ ಮನುಷ್ಯನು ತಾನೇ ಹೊರಬೇಕಾದ ವಿವೇಚನೆಗೂ ಇರುವ ಭೇದವನ್ನು ಜೋಸೆಫ್ ವೈಜೆನ್‌ಬಾಮ್ ೧೯೭೬ರಲ್ಲಿಯೇ ಒಂದು ಗ್ರಂಥದಲ್ಲಿ ವಿಸ್ತಾರವಾಗಿ ಹೇಳಿದರು. ಅವರು ಸ್ವತಃ ಗಣಕಶಾಸ್ತ್ರದ ಪ್ರಾಧ್ಯಾಪಕರು. ಹಾರ್ವರ್ಡ್ ವಿಶ್ವವಿದ್ಯಾನಿಲಯವು ೨೦೧೭ರಲ್ಲಿ ಆರಂಭಿಸಿದ ಒಂದು ಯೋಜನೆಯಲ್ಲಿ ತತ್ತ್ವಶಾಸ್ತ್ರದವರು ಗಣಕದ ತರಗತಿಯೊಳಕ್ಕೇ ಹೋಗಿ, ಅಂದಿನ ಪಾಠದೊಳಗೆ ಹುದುಗಿರುವ ನೀತಿಯ ಪ್ರಶ್ನೆಯನ್ನು ಎತ್ತುವರು. ಪ್ರತ್ಯೇಕ ಪತ್ರಿಕೆಯೊಂದರಲ್ಲಿ ಮುಗಿಸಿಬಿಡದೆ ಪಾಠದ ಒಡಲಿನಲ್ಲಿಯೇ ನೀತಿಯನ್ನು ಇಡಬೇಕೆಂಬ ಮಾರ್ಗವಿದು. ಮಾರ್ಗವು ಸರಿಯಾದುದೇ. ಆದರೆ ನಮ್ಮ ತಾಲ್ಲೂಕಿನ ಕಾಲೇಜುಗಳಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕರು ಸಿಗುವುದು ವಿರಳ. ಕನ್ನಡದ ಅಧ್ಯಾಪಕರಾದರೋ ಹೆಚ್ಚುಕಡಮೆ ಎಲ್ಲೆಡೆಯೂ ಇರುತ್ತಾರೆ. ನನ್ನ ವಾದವು ಇಲ್ಲಿಂದ ಮುಂದಕ್ಕೆ ಹೋಗುತ್ತದೆ.

೩

ನಮ್ಮ ಆಲಂಕಾರಿಕರು ಉಪದೇಶವನ್ನು ಮೂರು ಬಗೆಯಾಗಿ ವಿಂಗಡಿಸಿರುವುದು ವಾಚಕರಿಗೆ ತಿಳಿದ ವಿಷಯ. ಒಡೆಯನಂತೆ ಆಜ್ಞಾಪಿಸುವುದು ಒಂದು. ಗೆಳೆಯನಂತೆ ತಿಳಿಯಹೇಳುವುದು ಇನ್ನೊಂದು. ಕಾಂತೆಯಂತೆ ಸರಸವಾಗಿ ಮನಸ್ಸನ್ನು ತಿರುಗಿಸುವುದು ಮೂರನೆಯದು. ಕಾವ್ಯದ ಉಪದೇಶವು ಮೂರನೆಯ ಬಗೆಯದೆಂದು ಅವರ ಸಿದ್ಧಾಂತ. ನಮ್ಮ ಪಾಠಪಟ್ಟಿಯ ನೀತಿಯು ಮೊದಲನೆಯ ಬಗೆಯಲ್ಲಿಯೇ ನಿಂತುಹೋಗಿದೆ. ಆದರೆ ಪ್ರಕೃತ ಸೀಮೆಯ ಕಾವ್ಯಗಳನ್ನು ಓದಿದರೆ ಈ ವಿಂಗಡಣೆಗೇ ಒಂದು ತಿದ್ದುಪಡಿ ಬೇಕೆಂದು ತೋರುತ್ತದೆ. ಇಲ್ಲಿಯ ಕಾಂತೆಯರು ಸರಸವಾಗಿ ಬುದ್ಧಿ ಹೇಳುವುದಕ್ಕಿಂತ ಹೆಚ್ಚಾಗಿ ನೇರವಾಗಿ ಪ್ರಶ್ನೆ ಕೇಳುವವರು.

ಮೊದಲು ಹೊನ್ನಮ್ಮನನ್ನು ನೋಡೋಣ. ಚಿಕ್ಕದೇವರಾಜ ಒಡೆಯರ (೧೬೭೩–೧೭೦೪) ಅರಮನೆಯಲ್ಲಿ ತಾಂಬೂಲದ ಸಂಚಿಯನ್ನು ಹಿಡಿವ ಊಳಿಗದಲ್ಲಿದ್ದು, ಅಳಸಿಂಗರಾರ್ಯರಿಂದ ವಿದ್ಯೆ ಕಲಿತು, ಸಾಂಗತ್ಯದಲ್ಲಿ ಗ್ರಂಥ ಬರೆದವಳು ಈಕೆ. ಗ್ರಂಥದ ಬಹುಭಾಗವು ಪತಿವ್ರತೆಯ ಕರ್ತವ್ಯಗಳ ನಿರೂಪಣೆ. ಸ್ಮೃತಿಪುರಾಣಗಳಿಂದ ಬಂದ ವಿಧಿಗಳು, ನಿದರ್ಶನಗಳು, ಎಚ್ಚರಿಕೆಗಳು ಅಲ್ಲಿ ಕ್ರಮವಾಗಿ ಬರುತ್ತವೆ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಇದು ಗೃಹಿಣಿಯ ವೃತ್ತಿನೀತಿಯ ಸಂಹಿತೆ. ಆದರೆ ನಡುವೆ ಒಂದೆಡೆ ಗ್ರಂಥದ ಧ್ವನಿ ಬದಲಾಗುತ್ತದೆ. ಹೆಣ್ಣೆಂದು ಹೀಗಳೆಯುವವರನ್ನು ತಡೆದು ನಿಲ್ಲಿಸಿ, ಅವರನ್ನು ಹೆತ್ತು ಸಾಕಿದವರು ಯಾರೆಂಬುದನ್ನು ನೆನಪಿಗೆ ತರುವ ಆ ಭಾಗವು ಕನ್ನಡಿಗರಿಗೆಲ್ಲ ಪರಿಚಿತ. ಹದಿಬದೆಯ ವಿಧಿಗಳಲ್ಲಿ ನಾಲ್ಕನ್ನಾದರೂ ಹೇಳಬಲ್ಲವರು ಇಂದು ಎಷ್ಟು ಮಂದಿಯೋ. ಆ ಪ್ರಶ್ನೆಯನ್ನು ಬಲ್ಲವರು ಮಾತ್ರ ಊರೂರಿನಲ್ಲಿಯೂ ಇದ್ದಾರೆ.

ಇದು ಏಕೆ ಹೀಗಾಯಿತು? ವಿಧಿಯನ್ನು ಹೇಳುವಾಗ ಹೊನ್ನಮ್ಮನು ತಾನು ಕಲಿತ ಶಾಸ್ತ್ರವನ್ನು ಒಪ್ಪಿಸುತ್ತಾಳೆ. ಪ್ರಶ್ನೆಯನ್ನು ಕೇಳುವಾಗ ತಾನು ನಿಂತ ಸ್ಥಳದಿಂದ, ಸಂಚಿ ಹಿಡಿದ ಊಳಿಗದವಳಾಗಿ, ಹೆಣ್ಣಾಗಿ ಮಾತನಾಡುತ್ತಾಳೆ. ಆಜ್ಞೆಗೆ ಕೇಳುವವನು ತಲೆದೂಗಿ ಸುಮ್ಮನಾಗಬಹುದು. ಪ್ರಶ್ನೆಗೆ ಅವನು ಉತ್ತರ ಕೊಡಲೇಬೇಕು. ಹಾಗೆಂದು ವಿಧಿಭಾಗವು ವ್ಯರ್ಥವೆಂದು ನಾನು ಹೇಳುವುದಿಲ್ಲ. ಆ ಶಾಸ್ತ್ರಜ್ಞಾನದ ಬೆಂಬಲವಿಲ್ಲದಿದ್ದರೆ ಅರಮನೆಯ ವಿದ್ವತ್ಸಭೆಯು ಊಳಿಗದ ಹೆಂಗಸಿನ ಪ್ರಶ್ನೆಗೆ ಕಿವಿಗೊಡುತ್ತಿದ್ದಿತೆ? ಅಂತೆಯೇ ಅಮೆರಿಕದ ಗಣಕಶಾಸ್ತ್ರಜ್ಞರ ಸಂಘವು ೨೦೧೮ರಲ್ಲಿ ಪರಿಷ್ಕರಿಸಿದಂಥ ನೀತಿಸಂಹಿತೆಗಳೂ ಬೇಕು. ಆದರೆ ಸಂಹಿತೆಯನ್ನು ಬಾಯಿಪಾಠ ಮಾಡಿಸಿ ನೀತಿ ಕಲಿಸಿದೆವೆಂದು ತೃಪ್ತರಾಗುವುದು, ಹೊನ್ನಮ್ಮನ ವಿಧಿಗಳನ್ನು ಓದಿಸಿ ಅವಳ ಪ್ರಶ್ನೆಯನ್ನು ಬಿಟ್ಟುಬಿಟ್ಟಂತೆ. ಗಣಕದ ವಿದ್ಯಾರ್ಥಿಗೆ ನಾವು ಕಲಿಸಬೇಕಾದುದು ತನ್ನ ಕೆಲಸದೊಳಗಿನಿಂದಲೇ ಪ್ರಶ್ನೆಯನ್ನು ಎತ್ತುವ ಅಭ್ಯಾಸವನ್ನು. ಅಂಥ ಪ್ರಶ್ನೆಗಳು ಎಲ್ಲಿ ಹುಟ್ಟುತ್ತವೆಂಬುದನ್ನು ಉಳಿದ ಎರಡು ಕಾವ್ಯಗಳು ತೋರಿಸುತ್ತವೆ.

೪

ಮಂಟೇಸ್ವಾಮಿ ಕಾವ್ಯವನ್ನು ಹಿ. ಚಿ. ಬೋರಲಿಂಗಯ್ಯನವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾನಿಲಯವು ಪ್ರಕಟಿಸಿದೆ. ಅದಕ್ಕೂ ಮುಂಚೆ ಜೀ. ಶಂ. ಪರಮಶಿವಯ್ಯನವರು ಇದನ್ನು ವಿದ್ವಾಂಸರ ಗಮನಕ್ಕೆ ತಂದಿದ್ದರು. ಹಾಡುವವನಿಂದ ಹಾಡುವವನಿಗೆ ವಿವರಗಳು ಬದಲಾದರೂ ‘ಕಲ್ಯಾಣದ ಸಾಲಿ’ನ ಕಥೆಯ ಹುರುಳು ಒಂದೇ. ಬಸವಣ್ಣನ ಕಲ್ಯಾಣದಲ್ಲಿ ಲಕ್ಷಾಂತರ ಜಂಗಮರಿಗೆ ನಿತ್ಯದಾಸೋಹ ನಡೆಯುತ್ತಿರುತ್ತದೆ. ಅವರಲ್ಲಿ ನಿಜವಾದ ಶರಣರು ಎಷ್ಟು ಮಂದಿಯೆಂದು ಪರೀಕ್ಷಿಸಲು ಮಂಟೇಸ್ವಾಮಿಯು ಮೈಯೆಲ್ಲ ಹುಣ್ಣಾದ, ಹತ್ತಿರ ಬಂದರೆ ಮೂಗು ಮುಚ್ಚಿಕೊಳ್ಳಬೇಕಾದ ವೇಷದಲ್ಲಿ ಬಾಗಿಲಿಗೆ ಬರುತ್ತಾನೆ. ಒಳಗಿದ್ದವರು ಅವನನ್ನು ಹೊಡೆದು ಹೊರಗಟ್ಟುತ್ತಾರೆ. ತಪ್ಪಿನ ಅರಿವಾದ ಬಸವಣ್ಣನು ಕೊನೆಗೆ ಅವನನ್ನು ತಿಪ್ಪೆಯ ಬಳಿಗೆ ಹುಡುಕಿಕೊಂಡು ಹೋಗಬೇಕಾಗುತ್ತದೆ.

ವಿಮರ್ಶಕನು ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಬಾಗಿಲಲ್ಲಿದ್ದವರು ತಮ್ಮ ಕಟ್ಟಳೆಯನ್ನು ಮೀರಿದವರಲ್ಲ. ಲಾಂಛನವುಳ್ಳವನಿಗೆ ಒಳಗೆ ಬರುವ ಹಕ್ಕು, ಲಾಂಛನವಿಲ್ಲದವನಿಗೆ ಇಲ್ಲ. ಕಟ್ಟಳೆಯ ದೃಷ್ಟಿಯಿಂದ ಅವರು ಮಾಡಿದ್ದು ಸರಿ. ಕಲ್ಯಾಣವನ್ನು ಯಾರಿಗಾಗಿ ಕಟ್ಟಿತೋ ಅವರ ದೃಷ್ಟಿಯಿಂದ ನೋಡಿದರೆ ಅದು ಪೂರ್ಣ ತಪ್ಪು. ಗುರುತಿನ ಪರೀಕ್ಷೆಯು ನಿಯಮದಂತೆ ನಡೆದೂ ನಿಜವಾದವನನ್ನು ಹೊರಗಟ್ಟಬಲ್ಲುದೆಂಬುದು ಈ ಸಾಲಿನ ದರ್ಶನ.

ಗಣಕವಿದ್ಯೆಯಲ್ಲಿ ಇದೇ ಸಮಸ್ಯೆಗೆ ಒಂದು ಪಾಠವಿದೆ. ಗುರುತು ಹಿಡಿಯುವ ಯಂತ್ರವು ಎರಡು ಬಗೆಯಲ್ಲಿ ತಪ್ಪಬಹುದು: ಪರಕೀಯನನ್ನು ಒಳಗೆ ಬಿಡಬಹುದು, ಅಥವಾ ನಿಜವಾದವನನ್ನು ಹೊರಗೆ ನಿಲ್ಲಿಸಬಹುದು. ಒಂದನ್ನು ತಗ್ಗಿಸಿದರೆ ಇನ್ನೊಂದು ಹೆಚ್ಚುವುದು ಅದರ ಸ್ವಭಾವ. ಎರಡರ ನಡುವೆ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದನ್ನು ಯಂತ್ರವು ಹೇಳಲಾರದು; ಎಳೆಯತಕ್ಕವನು ಮನುಷ್ಯ. ಬ್ಯಾಂಕಿನ ತಿಜೋರಿಯಲ್ಲಿ ಮೊದಲನೆಯ ತಪ್ಪು ಘೋರ. ಪಡಿತರದ ಅಂಗಡಿಯಲ್ಲಿ ಎರಡನೆಯದು ಘೋರ. ದುಡಿಮೆಯಿಂದ ಬೆರಳಿನ ಗೆರೆ ಸವೆದವರನ್ನು ಯಂತ್ರವು ಹಲವು ವೇಳೆ ಗುರುತಿಸದೆಂಬುದು ಎಲ್ಲರೂ ಬಲ್ಲ ಸಂಗತಿ. ಕೊಳ್ಳೇಗಾಲವು ರೇಷ್ಮೆಯ ಊರು. ಬಿಸಿನೀರಿನ ಬಾನಿಯಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಕೈಗಳನ್ನು ನೆನೆದರೆ ಸಾಕು, ಪ್ರಶ್ನೆಯು ಪುಸ್ತಕದಿಂದ ಇಳಿದು ಬೀದಿಗೆ ಬರುತ್ತದೆ. ಆಧಾರ್ ಇಲ್ಲವೆಂಬ ಕಾರಣಕ್ಕಾಗಿಯೇ ಅರ್ಹರಿಗೆ ಪಡಿತರವನ್ನು ನಿರಾಕರಿಸಕೂಡದೆಂದು ಕೇಂದ್ರ ಸರ್ಕಾರವು ೨೦೧೭ರಲ್ಲಿ ರಾಜ್ಯಗಳಿಗೆ ಸೂಚನೆ ಕೊಡಬೇಕಾಗಿ ಬಂತು. ಆ ಸೂಚನೆಯು ಕಾಗದದ ಮೇಲೆ ಇದ್ದರಷ್ಟೇ ಸಾಲದು. ಪ್ರೋಗ್ರಾಮಿನೊಳಗೆ ಅದಕ್ಕೊಂದು ದಾರಿಯಿರಬೇಕು. ಹೆಬ್ಬೆರಳು ಸೋತರೆ ಮುಂದೇನು ಎಂಬ ಇನ್ನೊಂದು ಬಾಗಿಲನ್ನು ಬರೆಯದೆ ಬಿಟ್ಟ ವಿದ್ಯಾರ್ಥಿಗೆ ಅಂಕವನ್ನು ಕಳೆಯುವುದಾದರೆ, ಅದನ್ನು ನೀತಿಯ ಪತ್ರಿಕೆಯಲ್ಲಿ ಕಳೆಯದೆ ಗಣಕದ ಪತ್ರಿಕೆಯಲ್ಲಿಯೇ ಕಳೆಯಬೇಕು.

ಬಾಗಿಲು ಕಾಯುವವರ ಮಾತನ್ನೇ ಸತ್ಯವೆಂದು ನಂಬಿದರೆ ಏನಾಗುವುದೆಂಬುದಕ್ಕೆ ಇಂಗ್ಲೆಂಡಿನ ಅಂಚೆ ಇಲಾಖೆಯ ‘ಹೊರೈಜನ್’ ಲೆಕ್ಕದ ಪ್ರೋಗ್ರಾಮು ಈ ಕಾಲದ ದೊಡ್ಡ ನಿದರ್ಶನ. ೧೯೯೯ರಿಂದ ೨೦೧೫ರವರೆಗೆ, ಆ ಪ್ರೋಗ್ರಾಮು ತೋರಿಸಿದ ಕೊರತೆಯನ್ನು ನಂಬಿ, ೯೦೦ಕ್ಕೂ ಮಿಕ್ಕ ಉಪ ಅಂಚೆ ಪಾಲಕರನ್ನು ಅಪರಾಧಿಗಳೆಂದು ತೀರ್ಮಾನಿಸಲಾಯಿತು. ದೋಷವು ಪ್ರೋಗ್ರಾಮಿನದೆಂದು ತಿಳಿದು, ಆ ತೀರ್ಪುಗಳನ್ನು ರದ್ದುಮಾಡಲು ೨೦೨೪ರಲ್ಲಿ ಪಾರ್ಲಿಮೆಂಟು ಪ್ರತ್ಯೇಕವಾದ ಕಾನೂನನ್ನೇ ಮಾಡಬೇಕಾಯಿತು. ತಿಪ್ಪೆಯ ಬಳಿಗೆ ಹುಡುಕಿಕೊಂಡು ಹೋಗಲು ಅಲ್ಲಿ ಅಷ್ಟು ವರ್ಷಗಳು ಹಿಡಿದುವು.

೫

ಮಾದೇಶ್ವರನ ಕಾವ್ಯದ ‘ಸಂಕಮ್ಮನ ಸಾಲು’ ಇದಕ್ಕಿಂತಲೂ ಸೂಕ್ಷ್ಮವಾದ ಪ್ರಶ್ನೆಯನ್ನು ಎತ್ತುತ್ತದೆ. ಈ ಕಾವ್ಯವನ್ನು ಪಿ. ಕೆ. ರಾಜಶೇಖರ ಅವರು ಸಂಗ್ರಹಿಸಿರುವರು. ಹೆಬ್ಬಣಿ ಮಾದಯ್ಯನವರ ತಂಡವು ಹಾಡಿದ ಪಾಠವನ್ನು ಕೆ. ಕೇಶವನ್ ಪ್ರಸಾದರು ಸಂಪಾದಿಸಿದ್ದಾರೆ. ಕಾಡಿಗೆ ಹೊರಡುವ ನೀಲೇಗೌಡನಿಗೆ ಹೆಂಡತಿ ಸಂಕಮ್ಮನ ಮೇಲೆ ಸಂಶಯ. ತಾನು ಹಿಂತಿರುಗುವವರೆಗೆ ಶೀಲ ಕೆಡದೆ ಇರುವೆನೆಂದು ಬಲಗೈ ಭಾಷೆ ಕೊಡಬೇಕೆಂದು ಅವನ ಹಟ. ಸಂಕಮ್ಮ ಕೊಡುವುದಿಲ್ಲ. ಅವನು ಅವಳನ್ನು ಹಿಂಸಿಸಿ, ಕಾಡಿನ ಗುಡಿಸಲಲ್ಲಿ ಬಂಧಿಸಿಟ್ಟು ಹೋಗುತ್ತಾನೆ. ಮಾದೇಶ್ವರನು ಬಂದು ಬಿಡಿಸುತ್ತಾನೆ. ಮುಂದೆ ಅವಳಿಗೆ ಕಾರಯ್ಯ, ಬಿಲ್ಲಯ್ಯ ಎಂಬ ಮಕ್ಕಳಾಗುತ್ತಾರೆ.

ಇದೇ ಸೀಮೆಯ ‘ಹದಿಬದೆಯ ಧರ್ಮ’ದ ಪಕ್ಕದಲ್ಲಿ ಈ ಸಾಲನ್ನು ಇಟ್ಟು ಓದಿದ ವಿಮರ್ಶೆ ನಮ್ಮಲ್ಲಿ ಇನ್ನೂ ಹೆಚ್ಚಾಗಿ ಬೆಳೆಯಬೇಕಾಗಿದೆ. ಅರಮನೆಯ ಗ್ರಂಥದ ಆದರ್ಶವು ಗಂಡನ ಮಾತನ್ನು ಮೀರದ ಹೆಂಡತಿ. ಬೆಟ್ಟದ ಹಾಡಿನ ನಾಯಕಿಯು ಗಂಡ ಕೇಳಿದ ಭಾಷೆಯನ್ನೇ ನಿರಾಕರಿಸಿದವಳು. ಆದರೂ ಹಾಡು ಅವಳನ್ನು ಎಲ್ಲಿಯೂ ಪತಿತೆಯೆಂದು ಕಾಣುವುದಿಲ್ಲ. ಅವಳಲ್ಲಿ ಶೀಲವಿದೆ, ಹೆದರಿಸಿ ಪಡೆಯುವ ಭಾಷೆಯು ಆ ಶೀಲಕ್ಕೆ ಸಾಕ್ಷಿಯಾಗಲಾರದೆಂಬ ತಿಳಿವಳಿಕೆಯೂ ಇದೆ. ನಂಬಿಕೆಯಿದ್ದರೆ ಭಾಷೆ ಬೇಕಿಲ್ಲ. ನಂಬಿಕೆಯಿಲ್ಲದಿದ್ದರೆ ಭಾಷೆಯಿಂದ ಪ್ರಯೋಜನವಿಲ್ಲ.

ಗಣಕದ ತರಗತಿಯಲ್ಲಿ ಈ ಮಾತಿನ ಹೆಸರು ‘ಒಪ್ಪಿಗೆ’. ಯಾವುದೊಂದು ಸೌಲಭ್ಯವನ್ನು ಪಡೆಯಬೇಕಾದರೂ ಮೊದಲು ಒಂದು ಚೌಕದಲ್ಲಿ ಗುರುತು ಹಾಕಿ ಒಪ್ಪಿದೆನೆಂದು ಹೇಳಬೇಕು, ಹೇಳದಿದ್ದರೆ ಸೌಲಭ್ಯವಿಲ್ಲ. ಓದಲಾರದಷ್ಟು ಉದ್ದದ, ತಿಳಿಯದ ಭಾಷೆಯ ನಿಬಂಧನೆಗಳ ಕೆಳಗೆ ಹಾಕಿಸಿದ ಆ ಗುರುತು ನೀಲೇಗೌಡನು ಕೇಳಿದ ಬಲಗೈ ಭಾಷೆಯ ಜಾತಿಯದೇ. ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿದ್ದು ನಿವೃತ್ತರಾದವರು. ಅವರು ಹೂಡಿದ ಮೊಕದ್ದಮೆಯಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು ೨೦೧೭ರ ಆಗಸ್ಟ್ ೨೪ರಂದು ತೀರ್ಪಿತ್ತಿತು. ಆ ಮೇಲೆ ಬಂದ ೨೦೨೩ರ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಅಧಿನಿಯಮವು, ಒಪ್ಪಿಗೆಯು ಸ್ವತಂತ್ರವಾಗಿಯೂ ನಿರ್ದಿಷ್ಟವಾಗಿಯೂ ತಿಳಿದು ಕೊಟ್ಟದ್ದಾಗಿಯೂ ಇರಬೇಕೆಂದು ಹೇಳುತ್ತದೆ. ಈ ವಾಕ್ಯವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ವಿದ್ಯಾರ್ಥಿಯು ಮರುದಿನವೇ ‘ಒಪ್ಪಿದೆ’ ಎಂಬ ಚೌಕಕ್ಕೆ ಮೊದಲೇ ಗುರುತು ಹಾಕಿಟ್ಟ ಪುಟವನ್ನು ರಚಿಸಬಲ್ಲ. ಸಂಕಮ್ಮನ ಸಾಲನ್ನು ಓದಿದ ವಿದ್ಯಾರ್ಥಿಯಾದರೋ, ಒಪ್ಪದವನ ಗತಿಯೇನೆಂದು ಒಂದು ಕ್ಷಣ ಯೋಚಿಸಿಯಾನು. ನಾವು ಬಯಸುವುದು ಆ ಒಂದು ಕ್ಷಣವನ್ನೇ.

೬

ಇನ್ನು ನೆಲದ ಲೆಕ್ಕಕ್ಕೆ ಬರುತ್ತೇನೆ. ಕರ್ನಾಟಕದ ‘ಭೂಮಿ’ ಯೋಜನೆಯು ೨೦೦೨ರ ಹೊತ್ತಿಗೆ ರಾಜ್ಯದ ಎಲ್ಲ ತಾಲ್ಲೂಕುಗಳನ್ನೂ ಮುಟ್ಟಿ, ಸುಮಾರು ೬೭ ಲಕ್ಷ ರೈತರ ೨ ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿತು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಗ್ರಾಮಲೆಕ್ಕಿಗರ ಮನೆಬಾಗಿಲನ್ನು ಕಾಯುವ ಕಷ್ಟ ತಪ್ಪಿ, ಹದಿನೈದು ರೂಪಾಯಿಗೆ ತಾಲ್ಲೂಕು ಕಚೇರಿಯಲ್ಲಿಯೇ ಪಹಣಿ ಸಿಕ್ಕಿದ್ದು ಸಾಮಾನ್ಯವಾದ ಉಪಕಾರವಲ್ಲ. ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಸಾಲೊಮನ್ ಬೆಂಜಮಿನ್ ಮೊದಲಾದ ಸಂಶೋಧಕರು ೨೦೦೭ರಲ್ಲಿ ಪ್ರಕಟಿಸಿದ ಒಂದು ವಿಮರ್ಶೆಯಲ್ಲಿ ಇದರ ಇನ್ನೊಂದು ಮುಖವನ್ನು ತೋರಿಸಿದರು. ದಾಖಲೆಗಳು ಒಂದೆಡೆ ಕೇಂದ್ರೀಕೃತವಾದುದರಿಂದ ಬಲಿಷ್ಠರಿಗೆ ಅನುಕೂಲವಾಯಿತೆಂಬುದು ಅವರ ವಾದ.

ಪಹಣಿಯ ೯ನೆಯ ಕಾಲಮಿನಲ್ಲಿ ಒಡೆಯನ ಹೆಸರು. ೧೨ನೆಯ ಕಾಲಮಿನಲ್ಲಿ ಸಾಗುವಳಿಯ ವಿವರ. ಈ ಎರಡು ಕಾಲಮುಗಳ ನಡುವಿನ ಅಂತರದಲ್ಲಿ ಎಷ್ಟೋ ಸಂಸಾರಗಳ ಕಥೆಯಿದೆ. ಕೋಷ್ಟಕದಲ್ಲಿ ಎಡೆಯಿಲ್ಲದ ಹಕ್ಕು ಗಣಕದ ಕಣ್ಣಿಗೆ ಇಲ್ಲದ ಹಕ್ಕೇ. ಹೆಸರಿಲ್ಲದೆ ಉತ್ತು ಬೆಳೆಯುವವನು, ಗಂಡನ ಹೆಸರಿನ ಹೊಲದಲ್ಲಿ ಬೆನ್ನು ಬಗ್ಗಿಸಿದ ಹೆಂಗಸು, ಇವರಿಗೆ ಯಾವ ಕಾಲಂ? ಹೊನ್ನಮ್ಮನ ಪ್ರಶ್ನೆಯು ಇಲ್ಲಿ ಹೊಸ ರೂಪದಲ್ಲಿ ಕೇಳಿಬರುತ್ತದೆ.

ಇದಕ್ಕೆ ಪ್ರತಿಯಾದ ಒಂದು ಉಜ್ಜ್ವಲ ನಿದರ್ಶನವೂ ಇದೇ ಸೀಮೆಯಲ್ಲಿದೆ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಸಂಶೋಧಕರೊಡನೆ ಸೇರಿ, ಕಾಡಿನೊಳಗಣ ತಮ್ಮ ನಾನೂರಕ್ಕೂ ಮೀರಿದ ಪವಿತ್ರ ಸ್ಥಳಗಳನ್ನು ಉಪಗ್ರಹದ ನೆರವಿನಿಂದ ನಕ್ಷೆಗೆ ಇಳಿಸಿದರು. ದೇವರು, ಮಾರಮ್ಮ, ವೀರ, ಕಲ್ಲುಗುಡಿ, ಅಬ್ಬಿ ಎಂಬ ಗುರುತುಗಳುಳ್ಳ ಅವರ ‘ಎಲ್ಲೆ’ಗಳು ಸರ್ಕಾರಿ ನಕ್ಷೆಯಲ್ಲಿ ಬರಿಯ ಅರಣ್ಯವಾಗಿ ತೋರುತ್ತಿದ್ದುವು. ೨೦೧೧ರಲ್ಲಿ ಆ ಬೆಟ್ಟವನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ ವರ್ಷವೇ, ೨೦೦೬ರ ಅರಣ್ಯ ಹಕ್ಕುಗಳ ಕಾಯಿದೆ ಮೇರೆಗೆ ಸೋಲಿಗರ ಸಾಮುದಾಯಿಕ ಹಕ್ಕುಗಳಿಗೆ ಮನ್ನಣೆ ದೊರೆಯಿತು. ನಕ್ಷೆಯೆಂಬ ಗಣಕದ ಸಾಧನವು ಇಲ್ಲಿ ಹೊರಗಿದ್ದವರ ಕೈಗೆ ಬಂದುದು ಗಮನಾರ್ಹ. ಇಷ್ಟಾದರೂ ಪ್ರಶ್ನೆ ಮುಗಿಯದು. ದೇವರ ಜಾಗವನ್ನು ಎಷ್ಟರಮಟ್ಟಿಗೆ ಎಲ್ಲರಿಗೂ ತೋರಿಸಬೇಕು, ನಕ್ಷೆಯ ಒಡೆತನ ಯಾರದು ಎಂಬುದನ್ನು ನಕ್ಷೆಯ ಪ್ರೋಗ್ರಾಮು ಬರೆಯುವವನೇ ಕೇಳಿಕೊಳ್ಳಬೇಕಾಗುತ್ತದೆ.

ನೀತಿಯು ಪೌರಧರ್ಮವಾಗುವುದು ಈ ಎಡೆಯಲ್ಲಿಯೇ. ನಮ್ಮ ಕಾವ್ಯಗಳಲ್ಲಿ ಹೊರಗಟ್ಟಿದವನನ್ನು ಒಳಗೆ ತರಲು ಪವಾಡವಿದೆ. ಗಣರಾಜ್ಯದಲ್ಲಿ ಪವಾಡದ ಎಡೆಯಲ್ಲಿ ಮೇಲ್ಮನವಿ ಇರಬೇಕು. ೨೦೦೫ರ ಮಾಹಿತಿ ಹಕ್ಕಿನ ಕಾನೂನೂ, ಸರ್ಕಾರಿ ಸೇವೆಗೆ ಕಾಲದ ಮಿತಿಯನ್ನು ಗೊತ್ತುಪಡಿಸಿದ ಕರ್ನಾಟಕದ ೨೦೧೧ರ ‘ಸಕಾಲ’ ಕಾನೂನೂ ಅಂಥ ಬಾಗಿಲುಗಳು. ತಾನು ಬರೆದ ಪ್ರೋಗ್ರಾಮು ‘ಅರ್ಜಿ ತಿರಸ್ಕೃತ’ ಎಂದು ತೋರಿಸುವಾಗ, ಏಕೆ ತಿರಸ್ಕೃತ, ಯಾರಿಗೆ ಮನವಿ ಸಲ್ಲಿಸಬೇಕು ಎಂಬ ಎರಡು ಸಾಲನ್ನು ತಿಳಿಗನ್ನಡದಲ್ಲಿ ಸೇರಿಸಬಲ್ಲ ವಿದ್ಯಾರ್ಥಿಯು ಸಂವಿಧಾನದ ಪಾಠವನ್ನು ನಿಜವಾಗಿ ಕಲಿತವನು.

೭

ಈ ಸೂಚನೆಗೆ ಬರಬಹುದಾದ ಆಕ್ಷೇಪಗಳನ್ನು ಸಂಕ್ಷೇಪವಾಗಿ ಪರಿಶೀಲಿಸುತ್ತೇನೆ.

ಮೊದಲನೆಯದು: ಯಾರ ನೀತಿ? ಮತಭೇದ ಜಾತಿಭೇದಗಳುಳ್ಳ ನಾಡಿನಲ್ಲಿ ನೀತಿಯ ಹೆಸರಿನಲ್ಲಿ ಒಂದು ಪಂಗಡದ ಆಚಾರವನ್ನು ಎಲ್ಲರ ಮೇಲೆ ಹೇರುವ ಅಪಾಯವಿಲ್ಲವೆ? ಈ ಆಕ್ಷೇಪವು ನ್ಯಾಯವಾದುದು. ಸಂಪೂರ್ಣವಾಗಿ ರಾಜ್ಯದ ಹಣದಿಂದ ನಡೆಯುವ ವಿದ್ಯಾಸಂಸ್ಥೆಗಳಲ್ಲಿ ಮತಬೋಧೆ ಕೂಡದೆಂದು ಸಂವಿಧಾನದ ೨೮ನೆಯ ಅನುಚ್ಛೇದವೇ ವಿಧಿಸಿದೆ. ನಾನು ಹೇಳುವ ಕ್ರಮದಲ್ಲಿ ಬೋಧಿಸತಕ್ಕ ಸಿದ್ಧಾಂತವೇನೂ ಇಲ್ಲ, ಕೇಳತಕ್ಕ ಪ್ರಶ್ನೆಗಳಿವೆ. ಮಂಟೇಸ್ವಾಮಿಯೂ ಮಾದೇಶ್ವರನೂ ಭಕ್ತರಿಗೆ ದೇವರು. ತರಗತಿಯಲ್ಲಿ ಅವರ ಕಥೆಯು ಕಾವ್ಯವಾಗಿಯೇ ಬರತಕ್ಕದ್ದು. ಅದನ್ನು ಒಪ್ಪದೆ ವಾದಿಸುವ ಸ್ವಾತಂತ್ರ್ಯವೂ ವಿದ್ಯಾರ್ಥಿಗೆ ಇರಬೇಕು.

ಎರಡನೆಯದು ನಮ್ಮವರೇ ಎತ್ತುವ ಆಕ್ಷೇಪ: ಕಾವ್ಯವನ್ನು ನೀತಿಯ ದಾಸಿಯನ್ನಾಗಿ ಮಾಡಬಹುದೆ? ಕಾವ್ಯದಿಂದ ಒಂದು ನೀತಿವಾಕ್ಯವನ್ನು ಹಿಂಡಿ ತೆಗೆದು ಉಳಿದುದನ್ನು ಎಸೆಯುವುದಾದರೆ ಈ ಆಕ್ಷೇಪವು ಸರಿಯೇ. ಆದರೆ ಮೇಲೆ ತೋರಿಸಿದ ಮೂರು ಕಡೆಗಳಲ್ಲಿಯೂ ಪ್ರಯೋಜನಕ್ಕೆ ಬಂದುದು ಕಾವ್ಯದ ಸಂದರ್ಭ, ಪಾತ್ರ, ಧ್ವನಿ. ಹೊನ್ನಮ್ಮನ ಧ್ವನಿ ಎಲ್ಲಿ ಬದಲಾಯಿತೆಂದು ಗುರುತಿಸುವುದು ವಿಮರ್ಶೆಯ ಕೆಲಸ. ಸಂಕಮ್ಮನ ನಿರಾಕರಣೆಯನ್ನು ಹಾಡು ಹೇಗೆ ಎತ್ತಿಹಿಡಿಯುತ್ತದೆಂದು ತೋರಿಸುವುದೂ ವಿಮರ್ಶೆಯ ಕೆಲಸ. ಚೆನ್ನಾಗಿ ಓದಿದಾಗ ಮಾತ್ರ ಕಾವ್ಯವು ಇಲ್ಲಿ ನೆರವಾಗುತ್ತದೆ.

ಮೂರನೆಯದು ಕಾಲದ ಅಭಾವ. ಹೊಸ ಪತ್ರಿಕೆಯನ್ನು ಬೇಡುವವರಿಗೆ ಈ ಆಕ್ಷೇಪ ತಟ್ಟುತ್ತದೆ. ನಾನು ಬೇಡುವುದು ಅದಕ್ಕಿಂತ ಕಡಮೆ. ಪ್ರಯೋಗಶಾಲೆಯ ದಾಖಲೆಯ ಪುಸ್ತಕದಲ್ಲಿ ಪ್ರತಿಯೊಂದು ಪ್ರೋಗ್ರಾಮಿನ ಕೊನೆಗೆ ಒಂದು ಪುಟ ಸಾಕು. ಇದರಿಂದ ಹೊರಗುಳಿಯುವವರು ಯಾರು? ಇದು ತಪ್ಪಿದರೆ ನಷ್ಟ ಯಾರಿಗೆ? ಅವರಿಗೆ ಇನ್ನೊಂದು ಬಾಗಿಲು ಇದೆಯೆ? ಈ ಮೂರು ಪ್ರಶ್ನೆಗಳಿಗೆ ವಿದ್ಯಾರ್ಥಿಯು ತನ್ನ ಊರಿನ ಒಂದು ನಿದರ್ಶನ ಕೊಟ್ಟು ಕನ್ನಡದಲ್ಲಿ ಉತ್ತರ ಬರೆಯಲಿ. ಗಣಕದ ಅಧ್ಯಾಪಕರೂ ಕನ್ನಡದ ಅಧ್ಯಾಪಕರೂ ಕೂಡಿ ಅದಕ್ಕೆ ಅಂಕ ಕೊಡಲಿ. ಅಂಕವು ಗಣಕದ ಪತ್ರಿಕೆಗೇ ಸೇರಲಿ.

ಸಾಹಿತ್ಯದ ಅಧ್ಯಾಪಕರಲ್ಲಿ ನನ್ನ ಕೊನೆಯ ಬಿನ್ನಹವಿದು. ಗಣಕದ ತರಗತಿಗೆ ಭಾಷೆಯ ಪಾಠ ಹೇಳಲು ಹೋಗುವಾಗ, ಅದು ಕಾಟಾಚಾರದ ಗಂಟೆಯೆಂಬ ಭಾವನೆ ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ಬೇರೂರಿರುವುದು ಗುಟ್ಟಲ್ಲ. ಆ ಹುಡುಗರಿಗೆ ಕಾವ್ಯ ಬೇಡವೆಂದು ನಾವು ಮೊದಲೇ ತೀರ್ಮಾನಿಸಿಬಿಡುತ್ತೇವೆ. ಬಾಗಿಲು ಕಾಯುವವರ ತಪ್ಪನ್ನು ನಾವೇ ಮಾಡುತ್ತೇವೆ. ಆದರೆ ಆ ಬೆಂಚುಗಳಲ್ಲಿ ಕುಳಿತವರಲ್ಲಿ ಕೆಲವರ ಮನೆಗಳಲ್ಲಿ ನೀಲಗಾರರ ತಂಬೂರಿ ತೂಗಿರಬಹುದು. ಕೆಲವರ ಅಜ್ಜಂದಿರು ಕಂಸಾಳೆ ಬೀಸಿದವರಾಗಿರಬಹುದು. ಅವರು ಮನೆಯಲ್ಲಿ ಕೇಳಿದ ಹಾಡಿಗೂ ಕಾಲೇಜಿನಲ್ಲಿ ಬರೆಯುವ ಪ್ರೋಗ್ರಾಮಿಗೂ ಸಂಬಂಧವುಂಟೆಂದು ತೋರಿಸಿಕೊಡಬಲ್ಲವರು ನಾವು. ಪಾಠಪಟ್ಟಿಯ ಸಮಿತಿಗಳು ಇನ್ನೂ ಎಷ್ಟು ಸಲ ಬದಲಾದರೂ ಆಗಲಿ, ನಾಳೆಯ ಗಂಟೆಯಲ್ಲಿ ಆ ಕೆಲಸವನ್ನು ಆರಂಭಿಸಲು ನಮಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ.